ದಂತವೈದ್ಯರನ್ನು ಕೇಳಿ: ದಿನಾ ಉಜ್ಜಿದರೂ ಹುಳುಕು ಯಾಕೆ?

ಪ್ರಶ್ನೆ: ಡಾಕ್ಟ್ರೇ, ಬೆಳಿಗ್ಗೆ ಗಟ್ಟಿ ಬ್ರಷ್‌ನಲ್ಲಿ ಐದು ನಿಮಿಷ ಚೆನ್ನಾಗಿ ತಿಕ್ಕುತ್ತೇನೆ. ಆದರೂ ದವಡೆ ಹಲ್ಲು ಹುಳುಕಾಗಿದೆ, ತಣ್ಣೀರು ಕುಡಿದರೆ ಕೋರೆಹಲ್ಲು ಜುಮ್ಮೆನ್ನುತ್ತೆ. ರಾತ್ರಿಯೂ ಉಜ್ಜಲೇಬೇಕಾ?

ಉತ್ತರ (ದಂತವೈದ್ಯೆ): ಎರಡು ಹೊತ್ತು ಬೇಕು. ಒಂದೇ ಹೊತ್ತು ಅಂತ ಹಟ ಹಿಡಿದರೆ ರಾತ್ರಿಯದನ್ನೇ ಉಳಿಸಿಕೊಳ್ಳಿ ಅಂತೀನಿ. ಬೆಳಿಗ್ಗೆ ಉಜ್ಜಿದರೆ ಬಾಯಿವಾಸನೆ ಹೋಗುತ್ತೆ ನಿಜ, ಆದರೆ ಅಷ್ಟರಲ್ಲಿ ರಾತ್ರಿಯಿಡೀ ಹಲ್ಲು ಸವೆದಾಗಿರುತ್ತೆ. ಹಲ್ಲಿಗಂಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ, ಬಿಸ್ಕತ್ತಿನ ಹಿಟ್ಟು ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗತೊಡಗುತ್ತೆ. ಹಗಲಲ್ಲಿ ಜೊಲ್ಲು ಅರ್ಧ-ಒಂದು ಗಂಟೆಯಲ್ಲಿ ಅದನ್ನು ಸರಿಮಾಡುತ್ತೆ. ನಿದ್ದೆಯಲ್ಲಿ ಜೊಲ್ಲೇ ತೀರಾ ಕಡಿಮೆ.

ಜುಮ್ಮೆನ್ನುವುದಕ್ಕೆ ನಿಮ್ಮ ಗಟ್ಟಿ ಬ್ರಷ್ ಮೇಲೇ ನನಗೆ ಅನುಮಾನ. ವಸಡಿನ ಅಂಚಿನಲ್ಲಿ ಉಗುರು ಆಡಿಸಿ ನೋಡಿ, ತಗ್ಗು ಸಿಕ್ಕರೆ ಅಲ್ಲಿ ಹಲ್ಲು ಸವೆದಿದೆ. ವಸಡು ಸರಿದು ಬೇರು ಕಂಡಿದ್ದರೆ ಅದರ ಮೇಲೆ ಎನಾಮಲ್ ಇರುವುದೇ ಇಲ್ಲ, ಅದಕ್ಕೇ ತಣ್ಣೀರು ತಾಗಿದರೆ ಜುಮ್ಮೆನ್ನುತ್ತೆ. ಸಾಫ್ಟ್ ಬ್ರಷ್ ತಗೊಳ್ಳಿ. ಎಳೆಗಳನ್ನು ವಸಡಿನ ಕಡೆ 45 ಡಿಗ್ರಿ ಓರೆಯಾಗಿ ಹಿಡಿದು, ಒಂದೆರಡು ಹಲ್ಲಿಗೊಮ್ಮೆ ಸಣ್ಣಗೆ ಅಲುಗಿಸಿ, ಆಮೇಲೆ ಕಚ್ಚುವ ಕಡೆಗೆ ಹೊರಳಿಸಿ. ಒಳಮೈ, ಕೊನೆಯ ದವಡೆಯ ಹಿಂಬದಿ ಬಿಡಬೇಡಿ. ಎರಡು ನಿಮಿಷ ಸಾಕು. ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ಪೇಸ್ಟ್‌ನಲ್ಲಿರುವ, ಹಲ್ಲಿಗೆ ಬೇಕಾದ ಫ್ಲೋರೈಡ್ ಬಚ್ಚಲಿಗೆ ಹೋಗುತ್ತೆ. ಹುಳುಕಾದ ಹಲ್ಲನ್ನಂತೂ ದಂತವೈದ್ಯರಿಗೆ ತೋರಿಸಿಕೊಳ್ಳಿ, ಕುಳಿ ಬಿದ್ದ ಮೇಲೆ ಉಜ್ಜಿ ಮುಚ್ಚಲಾಗದು.

ಪ್ರಶ್ನೆ: ಮೇಡಂ, ನಮ್ಮದು ಪಾವಗಡ ಕಡೆ, ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ನಾಲ್ಕು ವರ್ಷದ ಮಗನಿಗೆ ಪೇಸ್ಟ್ ಕೊಡಬಹುದಾ? ಕಾಯಿಸಿದ ನೀರೇ ಕೊಡ್ತೀವಿ.

ಉತ್ತರ: ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತೆ. ಕುಡಿಯಲು, ಅಡುಗೆಗೆ ಆರ್‌ಒ ಘಟಕದ ನೀರು ಬಳಸಿ. ಇಂಥ ನೀರಿನ ಕಡೆ ಕಾಣುವ ಹಲ್ಲಿನ ಕಂದು ಕಲೆಗೆ ಮುಖ್ಯ ಕಾರಣ ಹಲ್ಲು ವಸಡಿನೊಳಗೆ ಬೆಳೆಯುವಾಗ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್. ಪೇಸ್ಟ್ ಬಟಾಣಿ ಕಾಳಿನಷ್ಟೇ ಹಾಕಿ, ನೀವೇ ಉಜ್ಜಿ, ಉಗುಳಿಸಿ. ಇನ್ನೂ ಉಗುಳಲು ಬರದಿದ್ದರೆ ಅಕ್ಕಿಕಾಳಿನಷ್ಟು ಸಾಕು. ಹಣ್ಣಿನ ರುಚಿಯ ಪೇಸ್ಟ್ ಬೇಡ, ಮಕ್ಕಳು ನುಂಗಿಬಿಡುತ್ತವೆ.

ಪ್ರಶ್ನೆ: ಇದ್ದಿಲು, ಉಪ್ಪು?

ಉತ್ತರ: ಬೇಡ. ಇದ್ದಿಲ ಪುಡಿ ಎನಾಮಲ್ ಸವೆಸುತ್ತೆ, ಒರಟು ಉಪ್ಪಿನ ಹರಳು ವಸಡನ್ನು ತರಚುತ್ತೆ. ಬೆಳ್ಳಗಾಯಿತು ಅನಿಸುವುದು ಮೇಲಿನ ಟೀ ಕಲೆ ಹೋಗಿದ್ದಕ್ಕೆ.