ಹಾರ್ಟ್ ಫೇಲ್ಯೂರ್‌ಗೆ 'ಹೃದಯ ವೈಫಲ್ಯ' ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಿತ್ತು.

ನಮ್ಮಕ್ಕನಿಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಕಿಡ್ನಿ ಕಸಿ ಮಾಡಿಸೋಣ, ಅಮ್ಮನೇ ಕೊಡುವುದು ಅಂತ ಮಾತಾಗಿತ್ತು. ಅದಕ್ಕೆ ಮುಂಚೆ ಮಾಡಿಸಿದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್., ಅಂದರೆ ಹೃದಯ ಎಷ್ಟು ರಕ್ತ ಹೊರಗೆ ದೂಡುತ್ತದೆ ಎಂಬ ಅಳತೆ (ಎಜೆಕ್ಷನ್ ಫ್ರ್ಯಾಕ್ಷನ್), 35 ಬಂತು. ವರದಿಯಲ್ಲಿದ್ದ ಹಾರ್ಟ್ ಫೇಲ್ಯೂರ್ ಅನ್ನು ನಾನು 'ಹೃದಯ ವೈಫಲ್ಯ' ಎಂದು ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೃದಯವೇ ಫೇಲ್ ಆದ ಮೇಲೆ ನನ್ನ ಕಿಡ್ನಿ ಹಾಕಿ ಏನು ಬಂತು?" ಎಂದರು. ಅಪ್ಪ, "35 ಅಂದ್ರೆ ಪಾಸೇ ಅಲ್ವಾ?" ಎಂದರು.

ಇಬ್ಬರೂ ತಪ್ಪು ತಿಳಿದಿದ್ದರು. ಹಾಗೆ ತಿಳಿಯುವಂತೆ ಮಾಡಿದ್ದು ನಾನು ಬಳಸಿದ ಪದ.

ಇಲ್ಲಿ ಹೃದಯ ನಿಂತಿಲ್ಲ, ಬಲ ಕುಗ್ಗಿದೆ. ಒಂದು ಡಯಾಲಿಸಿಸ್‌ನಿಂದ ಇನ್ನೊಂದರ ತನಕ ಮೈಯಲ್ಲಿ ನೀರು ನಿಲ್ಲುತ್ತದೆ, ಬಿ.ಪಿ. ಏರುತ್ತದೆ, ರಕ್ತ ಕಡಿಮೆ ಇರುತ್ತದೆ, ಕಲ್ಮಶ ಪೂರ್ತಿ ಹೋಗುವುದಿಲ್ಲ. ಆ ಹೊರೆ ಹೊತ್ತೂ ಹೊತ್ತೂ ಹೃದಯದ ಗೋಡೆ ದಪ್ಪವಾಗುತ್ತದೆ, ಆಮೇಲೆ ಸೋಲುತ್ತದೆ. ಕಸಿ ಮಾಡಿದ ಕಿಡ್ನಿ ಹಗಲೂ ರಾತ್ರಿ ಕೆಲಸ ಮಾಡತೊಡಗಿದರೆ ಹೊರೆ ಇಳಿಯುತ್ತದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಂಥ 103 ಜನರಿದ್ದರು. ಕಸಿಗೆ ಮುಂಚೆ ಸರಾಸರಿ ಇ.ಎಫ್. ಸುಮಾರು 32, ಒಂದು ವರ್ಷದ ನಂತರ 52. ಡಯಾಲಿಸಿಸ್‌ನಲ್ಲಿ ಕಡಿಮೆ ಕಾಲ ಇದ್ದವರಿಗೆ ಜಾಸ್ತಿ ಪ್ರಯೋಜನವಾಗಿತ್ತು. ಹೀಗೆ ಮೇಲೇಳಬಲ್ಲ ಹೃದಯಕ್ಕೆ 'ವೈಫಲ್ಯ' ಅನ್ನಬಹುದೇ?

ಹಾಗಂತ 'ಗುಣವಾಗುತ್ತದೆ' ಎನ್ನಲೂ ನನಗೆ ಧೈರ್ಯವಿಲ್ಲ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ಕಸಿಯಾದ ಮೇಲೆ ತೆಗೆದುಕೊಳ್ಳುವ ಸ್ಟೀರಾಯ್ಡ್, ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳೇ ಬಿ.ಪಿ., ಸಕ್ಕರೆ ಏರಿಸಬಹುದು. ಹೃದಯದ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ನನಗೆ ಹೊಳೆದದ್ದು ನಮ್ಮ 'ಸೋಲು'. ಬೆಟ್ಟ ಹತ್ತಿ ಬಂದವರು 'ಕಾಲು ಸೋತಿದೆ' ಅನ್ನುತ್ತಾರೆ. ಕೂತು ಸುಧಾರಿಸಿಕೊಂಡು ಮತ್ತೆ ನಡೆಯುತ್ತಾರೆ. ಮಾರನೆಯ ದಿನ ಅಮ್ಮನಿಗೆ "ಅಕ್ಕನ ಹೃದಯ ಸೋತಿದೆ" ಎಂದು ಹೇಳಿದೆ. "ಹಾಗಾದ್ರೆ ಸುಧಾರಿಸಿಕೊಳ್ಳತ್ತಾ?" ಎಂದು ಅವರೇ ಕೇಳಿದರು. ಆದರೆ ಕ್ರಿಯಾಪದವಾಗಿ ಒಗ್ಗುವ ಈ ಪದ ನಾಮಪದವಾದರೆ ಕೈಕೊಡುತ್ತದೆ. 'ಹೃದಯದ ಸೋಲು' ಅಂದರೆ ಮತ್ತೆ ಆಟದ ಸೋಲೇ ನೆನಪಾಗುತ್ತದೆ. 'ಹೃದಯದ ದಣಿವು' ತೀರಾ ಹಗುರ, ರಾತ್ರಿ ಮಲಗಿ ಎದ್ದರೆ ಹೋಗುವಂಥದ್ದು ಅನ್ನಿಸುತ್ತದೆ. 'ನಿತ್ರಾಣ' ಪರವಾಗಿಲ್ಲವೇನೋ.

'ಕಸಿ' ಮಾತ್ರ ಎಷ್ಟು ಒಳ್ಳೆಯ ಪದ ನೋಡಿ. ಮಾವಿನ ಗಿಡದ ಬೇರು ಇದ್ದಲ್ಲೇ ಇರುತ್ತದೆ, ಅದಕ್ಕೆ ಇನ್ನೊಂದನ್ನು ಕೂಡಿಸುತ್ತಾರೆ. ಇಲ್ಲೂ ಸಾಮಾನ್ಯವಾಗಿ ಹಳೆಯ ಕಿಡ್ನಿಗಳನ್ನು ತೆಗೆಯುವುದಿಲ್ಲ, ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಕೂರಿಸುತ್ತಾರೆ. 'ಕಿಡ್ನಿ ಬದಲಾವಣೆ' ಎನ್ನುವವರು ದಯವಿಟ್ಟು ಗಮನಿಸಿ.

ಇ.ಎಫ್.ಗೂ ಒಂದು ಪದ ಬೇಕು. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ 100 ಇರುವುದಿಲ್ಲ, ಸುಮಾರು 55ರಿಂದ 70. 'ದೂಡುಪಾಲು' ಎನ್ನಬಹುದೇ? 'ಶೇಕಡಾ' ಸೇರಿಸಿದರೆ ಅಪ್ಪನಂಥವರಿಗೆ ಮತ್ತೆ ಪರೀಕ್ಷೆಯ ಅಂಕವೇ ಕಾಣುತ್ತದೆ.

ಅಕ್ಕನ ಜೊತೆ ಡಯಾಲಿಸಿಸ್‌ಗೆ ಬರುವವರ ಮನೆಯವರಿಗಾಗಿ ಒಂದು ಪುಟದ ಕನ್ನಡ ಮಾಹಿತಿ ಬರೆಯುತ್ತಿದ್ದೇನೆ. ಅದರ ತಲೆಬರಹಕ್ಕೆ 'ಹೃದಯ ನಿತ್ರಾಣ' ಹೊಂದುತ್ತದೆಯೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ.