ಇಂಟರ್‌ನೆಟ್ ನಿಧಾನವಾಗಿದೆ: ಕಂಪನಿಯೇ ವೇಗ ತಗ್ಗಿಸಿತೇ? ನೆಟ್‌ವರ್ಕ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆಯ ಸಂಪರ್ಕ 100 ಎಂಬಿಪಿಎಸ್. ತಿಂಗಳ ಮೊದಲ ಮೂರು ವಾರ ಯಾವ ತಕರಾರೂ ಇರುವುದಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ವೇಗ 2ಕ್ಕೆ ಇಳಿಯುತ್ತದೆ. ಬೆಳಗ್ಗೆ ನೋಡಿದರೂ 2, ನಡುರಾತ್ರಿ ನೋಡಿದರೂ 2. ಸಹಾಯವಾಣಿಯವರು ‘ರೂಟರ್ ಆರಿಸಿ ಮತ್ತೆ ಹಾಕಿ’ ಎನ್ನುತ್ತಾರೆ. ಎಷ್ಟು ಸಲ ಆರಿಸಲಿ? ಯೋಜನೆಯ ಹೆಸರಿನಲ್ಲೇ ‘ಅನ್‌ಲಿಮಿಟೆಡ್’ ಎಂದಿದೆ.

ಉತ್ತರ: ರೂಟರನ್ನು ಬಿಡಿ, ಅದು ಪಾಪ. ಹಗಲೂ 2, ರಾತ್ರಿಯೂ 2 ಎಂದಿರಲ್ಲ, ಅಲ್ಲೇ ಗುಟ್ಟು ಇದೆ. ದಟ್ಟಣೆಯಿಂದಾದ ನಿಧಾನ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಕೇಬಲ್ ಕೆಟ್ಟಿದ್ದರೆ ಸಂಪರ್ಕ ತಡವರಿಸುತ್ತದೆ, ಆಗಾಗ ಕಡಿಯುತ್ತದೆ. ಅಡ್ಡಪಟ್ಟಿ ಇಟ್ಟು ಗೆರೆ ಎಳೆದಂತೆ ಒಂದೇ ಅಂಕಿಯಲ್ಲಿ ನಿಂತಿದ್ದರೆ ಅದು ಬೇಕೆಂದೇ ಕೂರಿಸಿದ ಮಿತಿ. ನಿಮ್ಮದು ಎಫ್‌ಯುಪಿ ಎಂದು ಕರೆಯುವ ನ್ಯಾಯಯುತ ಬಳಕೆಯ ನೀತಿ ಎಂದು ತೋರುತ್ತದೆ. ಇಂಥ ಯೋಜನೆಗಳಲ್ಲಿ ‘ಅನ್‌ಲಿಮಿಟೆಡ್’ ಎಂದರೆ ಸಂಪರ್ಕ ಕಡಿಯುವುದಿಲ್ಲ ಎಂದಷ್ಟೇ ಅರ್ಥ. ಇಂತಿಷ್ಟು ಡೇಟಾ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದು ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಇದೇ ಉದ್ಯಮದಲ್ಲಿದ್ದರೂ ಆ ಪದ ಕಂಡರೆ ನನಗೂ ಸಿಟ್ಟು ಬರುತ್ತದೆ. 100ರಲ್ಲಿ 80 ಸೆಕೆಂಡಿನಲ್ಲಿ ಇಳಿಯುವ ಒಂದು ಜಿಬಿ ಕಡತಕ್ಕೆ 2ರಲ್ಲಿ ಸುಮಾರು 67 ನಿಮಿಷ ಬೇಕು.

ಕಂಪನಿಯ ಆ್ಯಪ್‌ನಲ್ಲಿ ದಿನವಾರು ಬಳಕೆ ನೋಡಿ. ಮನೆಯಲ್ಲಿ ಕ್ಲೌಡ್‌ಗೆ ದೃಶ್ಯ ಕಳಿಸುವ ಸಿಸಿಟಿವಿ ಕ್ಯಾಮೆರಾ ಇದೆಯೇ? 2 ಎಂಬಿಪಿಎಸ್‌ನಂತೆ ಬಿಡುವಿಲ್ಲದೆ ಕಳಿಸಿದರೆ ಅದೊಂದೇ ದಿನಕ್ಕೆ 21 ಜಿಬಿಗೂ ಹೆಚ್ಚು ನುಂಗುತ್ತದೆ. ಅಪ್‌ಲೋಡ್ ಕೂಡ ಲೆಕ್ಕಕ್ಕೆ ಸೇರುವ ಯೋಜನೆಗಳಿವೆ.

ಪ್ರಶ್ನೆ (ಇನ್ನೊಬ್ಬರು): ನನ್ನದೂ 100ರ ಯೋಜನೆ. ಡೌನ್‌ಲೋಡ್ ಮಾಡುವಾಗ 12 ಮಾತ್ರ ತೋರಿಸುತ್ತದೆ. ಉಳಿದ 88 ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಯೋಜನೆಯ ಲೆಕ್ಕ ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಕಿಟಕಿಯ ಲೆಕ್ಕ ಮೆಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 12ನ್ನು ಎಂಟರಿಂದ ಗುಣಿಸಿ, ನಿಶ್ಚಿಂತೆಯಿಂದಿರಿ.

ಪ್ರಶ್ನೆ (ಮತ್ತೊಬ್ಬರು): ನಮ್ಮಲ್ಲಿ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ವೀಡಿಯೊ ಮುಗ್ಗರಿಸುತ್ತದೆ. ಅದೇ ಹೊತ್ತಿನಲ್ಲಿ ವೇಗ ಪರೀಕ್ಷೆ ಮಾಡಿದರೆ ಪೂರ್ತಿ ಅಂಕ! ವಿಪಿಎನ್ ಹಾಕಿದರೆ ವೀಡಿಯೊ ಸರಾಗ. ಬೇಕೆಂದೇ ತಡೆಯುತ್ತಿದ್ದಾರೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ಉತ್ತರ: ಅನುಮಾನಕ್ಕೆ ಸಾಕು, ಆರೋಪಕ್ಕೆ ಸಾಲದು. ವಿಪಿಎನ್ ಎರಡು ಕೆಲಸ ಮಾಡುತ್ತದೆ. ನೀವು ಯಾವ ಸೇವೆ ಬಳಸುತ್ತಿದ್ದೀರಿ ಎಂಬುದನ್ನು ಕಂಪನಿಯಿಂದ ಮರೆಮಾಡುತ್ತದೆ. ಜೊತೆಗೆ ದತ್ತಾಂಶವನ್ನು ಬೇರೆ ದಾರಿಯಲ್ಲಿ ಒಯ್ಯುತ್ತದೆ. ನಿಮ್ಮ ಕಂಪನಿಗೂ ವೀಡಿಯೊ ಸೇವೆಗೂ ನಡುವಿನ ಕೊಂಡಿ ಸಂಜೆ ಹೊತ್ತು ತುಂಬಿ ತುಳುಕುತ್ತಿದ್ದರೆ, ಬಳಸುದಾರಿಯೇ ಬೇಗ ತಲುಪಿಸುತ್ತದೆ. ಆಗ ತಪ್ಪು ಕೊಂಡಿಯನ್ನು ಹಿಗ್ಗಿಸದ ಜಿಪುಣತನದ್ದು. ನಿಮ್ಮ ಪಾಲಿಗೆ ಎರಡೂ ಒಂದೇ ಎನ್ನುತ್ತೀರೇನೋ, ಆದರೆ ದೂರು ಬರೆಯುವಾಗ ಒಂದೇ ಆಗುವುದಿಲ್ಲ.

ವೇಗ ಪರೀಕ್ಷೆಯ ಪೂರ್ಣಾಂಕವನ್ನೂ ನಂಬಬೇಡಿ. ಪರೀಕ್ಷೆಯ ಸರ್ವರ್ ಎಷ್ಟೋ ಸಲ ಕಂಪನಿಯ ಜಾಲದೊಳಗೇ ಇರುತ್ತದೆ. ಅಂಗಳದಲ್ಲಿ ಓಡಿಸಿ ಹೆದ್ದಾರಿಯ ವೇಗ ಹೇಳಿದ ಹಾಗೆ. ನೆಟ್‌ಫ್ಲಿಕ್ಸ್‌ನ ಫಾಸ್ಟ್ ಡಾಟ್ ಕಾಮ್ ಅದೇ ಸಂಸ್ಥೆಯ ವೀಡಿಯೊ ಸರ್ವರ್‌ಗಳಿಂದ ಅಳೆಯುವುದರಿಂದ ಎರಡನ್ನೂ ಹೋಲಿಸಿ ನೋಡಿ. ಇನ್ನೂ ಒಳ್ಳೆಯದು ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ‘ವೀಹೀ’ ಆ್ಯಪ್. ಅದು ಒಂದು ಸೇವೆಯ ದತ್ತಾಂಶವನ್ನು ಇದ್ದ ಹಾಗೆ ಒಮ್ಮೆ, ಗುರುತು ಸಿಗದಂತೆ ಕಲಸಿ ಇನ್ನೊಮ್ಮೆ ಓಡಿಸುತ್ತದೆ. ಮತ್ತೆ ಮತ್ತೆ ಮಾಡಿದಾಗಲೂ ಮೊದಲನೆಯದೇ ಸೋಲುತ್ತಿದ್ದರೆ, ಆಗ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ.

ಕಂಪನಿಗಳು ಹಾಗೆಲ್ಲ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2007ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಕಾಮ್‌ಕಾಸ್ಟ್, ಕಡತ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಬಳಸುವವರ ಕಂಪ್ಯೂಟರ್‌ಗಳಿಗೆ ‘ಮಾತು ಮುಗಿಯಿತು’ ಎಂಬರ್ಥದ ನಕಲಿ ಸಂದೇಶಗಳನ್ನು ನಡುವೆ ತೂರಿಸುತ್ತಿದ್ದುದು ಬಯಲಾಯಿತು. 2008ರಲ್ಲಿ ಅಲ್ಲಿನ ನಿಯಂತ್ರಕ ಎಫ್‌ಸಿಸಿ ಅದನ್ನು ಆಕ್ಷೇಪಿಸಿ ಆದೇಶ ಹೊರಡಿಸಿತು. 2010ರಲ್ಲಿ ನ್ಯಾಯಾಲಯ ಆ ಆದೇಶವನ್ನೇ ರದ್ದು ಮಾಡಿತು. ಎಫ್‌ಸಿಸಿಗೆ ಆ ಅಧಿಕಾರವಿದೆ ಎಂಬುದು ಸಾಬೀತಾಗಿಲ್ಲ ಎಂಬುದು ಕಾರಣ.

ಪ್ರಶ್ನೆ (ಮೊದಲಿನವರು): ಮೇಡಂ, ಕ್ಯಾಮೆರಾವೇ ಕಳ್ಳ. ಅಲುಗಾಟ ಕಂಡಾಗ ಮಾತ್ರ ಕಳಿಸುವಂತೆ ಬದಲಿಸಿದೆ. ಆದರೂ ದೂರು ಕೊಡಬೇಕೆಂದಿದ್ದೇನೆ, ಏನು ಬರೆಯಲಿ?

ಉತ್ತರ: ‘ನಿಧಾನವಾಗಿದೆ’ ಎಂದು ಬರೆದರೆ ಮತ್ತೆ ರೂಟರಿನ ಕಥೆಗೇ ಹೋಗುತ್ತಾರೆ. ‘ನನ್ನ ಖಾತೆಯ ಮೇಲೆ ಈಗ ವೇಗದ ಮಿತಿ ಇದೆಯೇ? ಯಾವ ದಿನದಿಂದ, ಯಾವ ಷರತ್ತಿನ ಪ್ರಕಾರ?’ ಎಂದು ಇಮೇಲ್‌ನಲ್ಲಿ ಕೇಳಿ. ದೂರಿನ ಸಂಖ್ಯೆ ಪಡೆಯಿರಿ. ವೈಫೈ ಬಿಟ್ಟು ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ, ಮೂರು ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆದ ಪಟ್ಟಿಯನ್ನು ಲಗತ್ತಿಸಿ. ವೈಫೈ ಅಳತೆಯನ್ನು ಅವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ, ಗೋಡೆಯ ಮೇಲೆ ತಪ್ಪು ಹೊರಿಸಿ. ಉತ್ತರ ಬಾರದಿದ್ದರೆ ಕಂಪನಿಯ ಮೇಲ್ಮನವಿ ವಿಭಾಗ, ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗ.

ಪ್ರಶ್ನೆ: ಹೊಸ ತಿಂಗಳು ಶುರುವಾಗಿದೆ. ಈಗಷ್ಟೇ ಕೇಬಲ್ ಸಿಕ್ಕಿಸಿ ಅಳೆದೆ, 94 ಬಂತು. ಇನ್ನೂ ಆರು ಕಡಿಮೆ ಇದೆಯಲ್ಲ?

ಉತ್ತರ: ನಿಮ್ಮ ರೂಟರಿನ ಪೋರ್ಟ್ 100ರದ್ದಾಗಿರಬೇಕು. ದತ್ತಾಂಶ ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ತುಣುಕುಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೂ ವಿಳಾಸ ಬರೆಯಬೇಕಲ್ಲ, ಆ ಆರು ಅದಕ್ಕೇ ಖರ್ಚು. ಅದಕ್ಕೆ ದೂರು ಕೊಡಬೇಡಿ.