ಅಕೇಡಿಯನ್ ಪ್ರೇಮಕಥೆ: ಹುಡುಗ ಹುಡುಗಿ ಬೇರೆಯಾಗುವುದು ಎಲ್ಲಿ, ಸೇರುವುದು ಎಲ್ಲಿ?

ಪ್ರಶ್ನೆ – ಬಸವನಗುಡಿಯಿಂದ
ಕನ್ನಡದಲ್ಲೇ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1755. ಜಾಗ ಈಗಿನ ಕೆನಡಾದ ನೋವಾ ಸ್ಕೋಷಿಯಾ. ಅಲ್ಲಿನ ಅಕೇಡಿಯನ್ನರು ಫ್ರೆಂಚ್ ಮಾತಾಡುವ ರೈತರು. ಬ್ರಿಟಿಷ್ ರಾಜನಿಗೆ ಷರತ್ತಿಲ್ಲದೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದದ್ದಕ್ಕೆ ಅವರನ್ನು ಹಡಗಿಗೆ ತುಂಬಿ ಹೊರಹಾಕಿದರು. ನನ್ನ ಹುಡುಗ, ಹುಡುಗಿ ಇಬ್ಬರೂ ಗ್ರಾಂ-ಪ್ರೇ ಊರಿನವರು. ಅವರನ್ನು ಬೇರೆ ಬೇರೆ ಹಡಗು ಹತ್ತಿಸಿದ್ದೇನೆ. ಚಾಮರಾಜಪೇಟೆಯ ಗೆಳತಿ ಓದಿ, "ಸಿನಿಮಾ ಥರ ಆಯ್ತು ಕಣೇ" ಅಂದಳು. ನಿಜಕ್ಕೂ ಹಾಗೆ ಆಗುತ್ತಿತ್ತಾ? ಅವರು ಮತ್ತೆ ಸಿಗುವುದು ಎಲ್ಲಿ ಅಂತಲೂ ಹೊಳೆಯುತ್ತಿಲ್ಲ.

ಉತ್ತರ – ಮಲ್ಲೇಶ್ವರದಿಂದ
ಖಂಡಿತ ಆಗುತ್ತಿತ್ತು ಮೇಡಂ. ಆದರೆ ಹಡಗಿಗಿಂತ ಮೊದಲೇ, ಚರ್ಚಿನಲ್ಲೇ ಬೇರೆ ಮಾಡಿಬಿಡಿ. 1755ರ ಸೆಪ್ಟೆಂಬರ್ 5ರಂದು ಹತ್ತು ವರ್ಷ ದಾಟಿದ ಗಂಡಸರನ್ನೆಲ್ಲ ಅಲ್ಲಿಗೆ ಕರೆಸಿ ಕೂಡಿಹಾಕಿದರು. ಜಮೀನು, ದನಕರು ಎಲ್ಲ ರಾಜನ ಪಾಲು ಎಂದು ಬ್ರಿಟಿಷರ ಕಡೆಯ ಸೇನಾಧಿಕಾರಿ ಕರ್ನಲ್ ವಿನ್ಸ್‌ಲೋ ಆಜ್ಞೆ ಓದಿಸಿದ. ಐದು ದಿನ ಕಳೆದು ಮೊದಲು ಹಡಗಿಗೆ ಸಾಗಿಸಿದ್ದು ಮದುವೆಯಾಗದ ಹುಡುಗರನ್ನು. ಹೆಂಗಸರು ದಾರಿಯುದ್ದಕ್ಕೂ ಅಳುತ್ತ, ಪ್ರಾರ್ಥಿಸುತ್ತ ನಿಂತಿದ್ದರು. ಅವರ ಸರದಿ ಬಂದದ್ದು ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಸೆರೆಯಲ್ಲಿದ್ದವರಿಗೆ ಊಟ ಒದಗಿಸಿದ್ದು ಮನೆಯವರೇ. ನಿಮ್ಮ ಹುಡುಗಿ ದಿನಾ ರೊಟ್ಟಿ ತರಲಿ.

ಉತ್ತರ – ವಿಜಯನಗರದಿಂದ
ಅಕೇಡಿಯನ್ನರ ಹೊಲಗಳನ್ನು ಮರೆಯಬೇಡಿ. ಅಲ್ಲಿನ ಸಮುದ್ರದ ಫಂಡಿ ಕೊಲ್ಲಿಯ ಉಬ್ಬರ ಲೋಕದಲ್ಲೇ ಅತಿ ಎತ್ತರದ್ದು. ಆ ನೀರು ಹೊಲಕ್ಕೆ ನುಗ್ಗದಂತೆ ಒಡ್ಡು ಕಟ್ಟಿ, ನಮ್ಮ ಕೆರೆಗೆ ತೂಬು ಇಟ್ಟ ಹಾಗೆ ಅದರಲ್ಲಿ ಮರದ ಕೊಳವೆ ಇಡುತ್ತಿದ್ದರು. ಒಳಗೊಂದು ತೂಗುವ ಹಲಗೆ. ಇಳಿತದಲ್ಲಿ ಮಳೆನೀರು ಅದನ್ನು ತಳ್ಳಿ ಹೊರಗೆ ಹೋಗುತ್ತದೆ, ಉಬ್ಬರ ಬಂದರೆ ಸಮುದ್ರವೇ ಅದನ್ನು ಮುಚ್ಚುತ್ತದೆ. ಮಣ್ಣಿನ ಉಪ್ಪು ತೊಳೆದು ಹೋಗಲು ಎರಡು ಮೂರು ವರ್ಷ ಬೇಕು. ಆ ನೆಲ ಬಿಟ್ಟು ಹೋಗೋದು ಅಂದ್ರೆ ಏನು ಅಂತ ಓದುಗರಿಗೆ ಆಗ ಗೊತ್ತಾಗುತ್ತೆ.

ಉತ್ತರ – ಜಯನಗರದಿಂದ
ಸೇರುವ ಜಾಗ ಲೂಸಿಯಾನ, ಈಗಿನ ಅಮೆರಿಕದ ದಕ್ಷಿಣದ ರಾಜ್ಯ. ಹುಡುಗಿಯನ್ನು ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತು ಮೇರಿಲ್ಯಾಂಡಿಗೆ ಕಳಿಸಿ. ಅಲ್ಲಿದ್ದ ಅನೇಕರು 1760ರ ದಶಕದ ಕೊನೆಗೆ ಲೂಸಿಯಾನಕ್ಕೆ ಹೋದರು. ಹುಡುಗನ ಹಡಗು ವರ್ಜೀನಿಯಾಕ್ಕೆ ಹೋಗಲಿ. ಆ ವಸಾಹತು ಇವರನ್ನು ಇಟ್ಟುಕೊಳ್ಳದೆ ಇಂಗ್ಲೆಂಡಿಗೆ ಅಟ್ಟಿತು. ಅಲ್ಲಿ ಸಿಡುಬಿಗೆ ತುಂಬಾ ಜನ ಸತ್ತರು. ಉಳಿದವರು 1763ರಲ್ಲಿ ಫ್ರಾನ್ಸ್ ಸೇರಿದರು. ಅಲ್ಲಿಂದ 1785ರಲ್ಲಿ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಲೂಸಿಯಾನಕ್ಕೆ ಬಂದರು.

ಪ್ರಶ್ನೆ ಕೇಳಿದವರು
ಅಂದ್ರೆ 30 ವರ್ಷ! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವಳನ್ನು ಸುಮ್ನೆ ಕಾಯುತ್ತ ಕೂರಿಸಲಾರೆ. ಮದುವೆ, ಮಕ್ಕಳು, ಆಮೇಲೆ ವಿಧವೆ. ಚರ್ಚಿನ ಅಧ್ಯಾಯ ಇವತ್ತೇ ಬರೆಯುತ್ತೇನೆ.